ಓದಿದ್ದೊಂದು, ಮಾಡುವ ಕೆಲಸ ಇನ್ನೊಂದು: ಮೈಸೂರು, ಮಂಡ್ಯದ ಪದವೀಧರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ಲೇಸ್‌ಮೆಂಟ್ ಸೆಲ್ ಜವಾಬ್ದಾರಿಯೂ ನನ್ನ ಮೇಲೇ ಇದೆ. ಪಾಸಾಗಿ ಹೋದ ಮಕ್ಕಳು ಫೋನ್ ಮಾಡಿ ಕೇಳುವುದೂ, ಅವರ ಅಪ್ಪ ಅಮ್ಮ ಕಾಲೇಜಿಗೇ ಬಂದು ಕೇಳುವುದೂ ಹೆಚ್ಚು ಕಡಿಮೆ ಒಂದೇ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮಕ್ಕಳ ಓದು ಜಾಸ್ತಿ ಆಗಿಲ್ಲ, ಓದಿಗೆ ತಕ್ಕ ಕೆಲಸ ಕಡಿಮೆ ಆಗಿದೆ. ಕೆಳಗಿನ ಉತ್ತರಗಳನ್ನೆಲ್ಲ ಹಾಗೆ ನಂಬಿಕೊಂಡೇ ಬರೆದಿದ್ದೇನೆ.

ಓದಿಗೂ ಕೆಲಸಕ್ಕೂ ಹೊಂದಾಣಿಕೆ ಇಲ್ಲ ಅಂದರೆ ಏನು?

ಬಿ.ಕಾಂ. ಮುಗಿಸಿದ ಹುಡುಗಿ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುತ್ತಿದ್ದಾಳೆ. ಆ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಇಲ್ಲಿ ತಪ್ಪಿರುವುದು ಮಟ್ಟ. ಸಿವಿಲ್ ಎಂಜಿನಿಯರಿಂಗ್ ಓದಿದವನು ಫೈನಾನ್ಸ್ ಕಂಪನಿಯ ಸಾಲ ವಸೂಲಿಗೆ ಓಡಾಡುತ್ತಿದ್ದಾನೆ. ಅವನ ಹುದ್ದೆಗೆ ಡಿಗ್ರಿ ಬೇಕು ಅಂತಲೇ ಜಾಹೀರಾತಿನಲ್ಲಿ ಇತ್ತು. ಆದರೆ ಓದಿದ ವಿಷಯ ಅಲ್ಲಿ ಎಲ್ಲಿಯೂ ಬಳಕೆಗೆ ಬರುವುದಿಲ್ಲ. ಇಲ್ಲಿ ತಪ್ಪಿರುವುದು ವಿಷಯ.

ಮೂರನೆಯದು ಕಾಗದದಲ್ಲಿ ಕಾಣುವುದೇ ಇಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸೂಪರ್‌ವೈಸರ್ ಹೊಸದಾಗಿ ಸೇರಿದ ಮೆಕ್ಯಾನಿಕಲ್ ಎಂಜಿನಿಯರ್ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟು, ಆಗಷ್ಟೇ ಲೇತ್‌ನಿಂದ ಇಳಿದ ಶಾಫ್ಟ್ ಒಂದನ್ನು ಅಳೆಯಲು ಹೇಳಿದರು. ಹುಡುಗ ಮೇಲಿನ ಸ್ಕೇಲ್ ಸರಿಯಾಗಿಯೇ ಓದಿದ. ಕೆಳಗಿನ ಯಾವ ಗೆರೆ ಮೇಲಿನದಕ್ಕೆ ಕೂಡುತ್ತದೆ ಅನ್ನುವಲ್ಲಿ ತಡವರಿಸಿದ. ಪಕ್ಕದಲ್ಲಿದ್ದ ಐಟಿಐ ಹುಡುಗ ಕತ್ತು ಬಗ್ಗಿಸಿ ಒಮ್ಮೆ ನೋಡಿ '24.36' ಅಂದ. ಎಂಜಿನಿಯರ್ ಹುಡುಗ ಅಳತೆಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನೇ. ಅವನ ಕಾಲೇಜಿನ ಲ್ಯಾಬಿನಲ್ಲಿ ಇಡೀ ಬ್ಯಾಚಿಗೆ ಒಂದೇ ಕ್ಯಾಲಿಪರ್ ಇತ್ತಂತೆ. ಅವನ ಡಿಗ್ರಿಯೂ ಸರಿ, ಸೇರಿದ ಹುದ್ದೆಯೂ ಸರಿ, ಕೈಗೆ ಮಾತ್ರ ಅಭ್ಯಾಸ ಸಿಕ್ಕಿರಲಿಲ್ಲ.

ಈ ಮೂರನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗೊಂದಲ ಆಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಇದನ್ನು ಅಳೆಯುವುದು ಹೇಗೆ?

ಒಂದು ದಾರಿ, ಪ್ರತಿ ಉದ್ಯೋಗಕ್ಕೂ ಇಷ್ಟು ಓದು ಬೇಕು ಅಂತ ತಜ್ಞರೇ ಪಟ್ಟಿ ಮಾಡಿಡುವುದು. ನಮ್ಮ ದೇಶದಲ್ಲಿ 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣ ಇದೆ. ಅದರಲ್ಲಿ ಉದ್ಯೋಗಗಳಿಗೆ ನಾಲ್ಕು ಕೌಶಲ ಮಟ್ಟ. ಮೂಟೆ ಹೊರುವುದು, ಗುಡಿಸುವುದು ಮೊದಲ ಮಟ್ಟ. ಗುಮಾಸ್ತರು, ಅಂಗಡಿ ಮಾರಾಟಗಾರರು, ರೈತರು, ಕುಶಲಕರ್ಮಿಗಳು, ಯಂತ್ರ ನಡೆಸುವವರು ಎಲ್ಲರೂ ಎರಡನೆಯ ಮಟ್ಟ. ತಂತ್ರಜ್ಞರು ಮೂರರಲ್ಲಿ ಬರುತ್ತಾರೆ. ಎಂಜಿನಿಯರ್, ವೈದ್ಯ, ಉಪನ್ಯಾಸಕರು ನಾಲ್ಕರಲ್ಲಿ. ಎರಡನೆಯ ದಾರಿ, ಕೆಲಸ ಮಾಡುವವರನ್ನೇ ಕೇಳುವುದು: ನಿಮ್ಮ ಕೆಲಸಕ್ಕೆ ನಿಜವಾಗಿ ಎಷ್ಟು ಓದು ಬೇಕು? ಮೂರನೆಯದು, ಅದೇ ಕೆಲಸದಲ್ಲಿರುವ ಹೆಚ್ಚಿನವರು ಎಷ್ಟು ಓದಿದ್ದಾರೆ ಅಂತ ನೋಡಿ, ಅದಕ್ಕಿಂತ ತೀರಾ ಜಾಸ್ತಿ ಅಥವಾ ಕಡಿಮೆ ಇರುವವರನ್ನು ಎಣಿಸುವುದು.

ಮೂರು ದಾರಿಗೆ ಮೂರು ಉತ್ತರ ಬರುತ್ತದೆ. ಹಾಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಸೇರಿದ ಅಂಕಿಅಂಶ ತಜ್ಞರು 2018ರಲ್ಲಿ ಇದನ್ನು ಅಳೆಯುವುದಕ್ಕೆ ಮಾರ್ಗಸೂಚಿ ಮಾಡಿದರು.

ಮೊದಲ ದಾರಿಯಲ್ಲಿ ಒಂದು ತೊಡಕಿದೆ. ಬ್ಯಾಂಕ್ ಗುಮಾಸ್ತರ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಬರೆಯಲು ಡಿಗ್ರಿ ಕಡ್ಡಾಯ. ಆದರೆ ಉದ್ಯೋಗದ ಪಟ್ಟಿಯಲ್ಲಿ ಗುಮಾಸ್ತರು ಎರಡನೆಯ ಮಟ್ಟ. ಅಂದರೆ ಪರೀಕ್ಷೆ ಪಾಸು ಮಾಡಿ ಬ್ಯಾಂಕ್ ಸೇರಿದ ಹುಡುಗಿಯೂ ಲೆಕ್ಕದಲ್ಲಿ 'ಓದಿಗಿಂತ ಕೆಳಗಿನ ಕೆಲಸದಲ್ಲಿರುವವಳು'. ಅವಳ ಮನೆಯಲ್ಲಿ ಸಿಹಿ ಹಂಚಿರುತ್ತಾರೆ. ಅಂಕಿಗಳನ್ನು ಓದುವಾಗ ಇದು ನೆನಪಿರಲಿ.

ನಮ್ಮ ದೇಶದಲ್ಲಿ ಇದು ಎಷ್ಟು ದೊಡ್ಡ ಸಮಸ್ಯೆ?

ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆ ಇದನ್ನು ನೇರವಾಗಿಯೇ ಹೇಳಿತು. ಅದರ ಲೆಕ್ಕದಲ್ಲಿ ಓದಿಗೆ ಸರಿಹೊಂದುವ ಮಟ್ಟದ ಕೆಲಸದಲ್ಲಿರುವ ಪದವೀಧರರು ಶೇಕಡ 8.25 ಮಾತ್ರ. ಅರ್ಧಕ್ಕಿಂತ ಜಾಸ್ತಿ ಪದವೀಧರರು ಅದಕ್ಕಿಂತ ಕೆಳಗಿನ ಮಟ್ಟದ ಕೆಲಸದಲ್ಲಿದ್ದಾರೆ. ಬ್ಯಾಂಕ್ ಗುಮಾಸ್ತರ ಥರದ ತೊಡಕುಗಳನ್ನು ಕಳೆದರೂ ಇದು ಸಣ್ಣ ಸಂಖ್ಯೆ ಅಲ್ಲ.

ಉತ್ತರ ಪ್ರದೇಶದಲ್ಲಿ 2015ರಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಸಚಿವಾಲಯದ 368 ಜವಾನರ ಹುದ್ದೆಗೆ 23 ಲಕ್ಷ ಅರ್ಜಿ ಬಂದವು. ಐದನೇ ಕ್ಲಾಸ್ ಪಾಸಾಗಿ, ಸೈಕಲ್ ಹೊಡೆಯಲು ಬಂದರೆ ಸಾಕಿತ್ತು. ಅರ್ಜಿ ಹಾಕಿದವರಲ್ಲಿ 255 ಜನ ಪಿಎಚ್‌.ಡಿ. ಮಾಡಿದವರಿದ್ದರು. ಅದನ್ನು ತಮಾಷೆಯ ಸುದ್ದಿಯ ಥರ ಹಂಚಿಕೊಂಡವರೇ ಜಾಸ್ತಿ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಓದದವರಿಗೆ ಕೆಲಸ ಇದೆ, ಓದಿದವರಿಗೆ ಇಲ್ಲ. ಇದು ನಿಜವಾ?

ಅಂಕಿ ಹಾಗೇ ಹೇಳುತ್ತದೆ. 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಓದಿದ ಯುವಜನರಲ್ಲಿ ನಿರುದ್ಯೋಗ ಶೇಕಡ 29.1. ಓದು ಬರಹ ಬಾರದ ಯುವಜನರಲ್ಲಿ ಶೇಕಡ 3.4.

ಆದರೆ ಇದನ್ನು 'ಓದಬಾರದಿತ್ತು' ಅಂತ ಓದಿಕೊಂಡರೆ ಪೂರ್ತಿ ತಪ್ಪಾಗುತ್ತದೆ. ಓದು ಬಾರದ, ಕೈಯಲ್ಲಿ ಕಾಸಿಲ್ಲದ ಮನೆಯ ಹುಡುಗ ನಿರುದ್ಯೋಗಿಯಾಗಿ ಕೂರಲು ಆಗುವುದಿಲ್ಲ. ನಾಳೆಯೇ ಗಾರೆ ಕೆಲಸಕ್ಕೋ, ಕಬ್ಬು ಕಡಿಯುವುದಕ್ಕೋ ಹೋಗಬೇಕು. ಹೋದರೆ ಅವನು 'ಉದ್ಯೋಗಿ'. ಡಿಗ್ರಿ ಮಾಡಿದವನಿಗೆ ಮನೆಯವರು ಇನ್ನೂ ಸ್ವಲ್ಪ ದಿನ ಅನ್ನ ಹಾಕುತ್ತಾರೆ. ಅವನು ಕಾಯುತ್ತಾನೆ. ಕಾಯುವವನು ಅಂಕಿಯಲ್ಲಿ 'ನಿರುದ್ಯೋಗಿ'. ಕಾದು ಸುಸ್ತಾಗಿ ಯಾವುದೋ ಕೆಲಸಕ್ಕೆ ಸೇರಿದ ದಿನ ಅವನ ಹೆಸರು ನಿರುದ್ಯೋಗದ ಪಟ್ಟಿಯಿಂದ ಹೊರಗೆ ಬರುತ್ತದೆ. ಈ ಪುಟದಲ್ಲಿ ಮಾತಾಡುತ್ತಿರುವ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಮೈಸೂರಿನಲ್ಲಿ ಇಷ್ಟೊಂದು ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿ ಇವೆ. ಆದರೂ ಯಾಕೆ ಹೀಗೆ?

ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಳೇ ಮೈಸೂರು ಸಂಸ್ಥಾನದಲ್ಲಿ ಓದು ಮತ್ತು ಕೆಲಸ ಒಟ್ಟೊಟ್ಟಿಗೆ ಬಂದವು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು, 1913ರಲ್ಲಿ ಮೈಸೂರು ಬ್ಯಾಂಕ್. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ. ನಾಲ್ವಡಿಯವರ ಕಾಲದಲ್ಲಿ ಓದಿ ಹೊರಬಂದವನಿಗೆ ಕಚೇರಿ, ಬ್ಯಾಂಕು, ಕಾರ್ಖಾನೆ ಕಣ್ಣೆದುರೇ ಬೆಳೆಯುತ್ತಿದ್ದವು.

ಆಮೇಲಿನ ದಶಕಗಳಲ್ಲಿ ಕಾಲೇಜುಗಳು ಬೆಳೆದ ವೇಗಕ್ಕೆ ಒಳ್ಳೆಯ ಕೆಲಸಗಳು ಬೆಳೆಯಲಿಲ್ಲ. ತಾಲ್ಲೂಕಿಗೊಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಂತು, ಒಂದರ ಹಿಂದೆ ಒಂದು ಎಂಜಿನಿಯರಿಂಗ್ ಕಾಲೇಜು ಬಂತು. ಇದು ಒಳ್ಳೆಯದೇ. ನಾಗಮಂಗಲದ, ಎಚ್.ಡಿ. ಕೋಟೆಯ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡದ್ದು ಹಾಗೆ. ಇನ್ನೊಂದು ಕಡೆ, ಸಾವಿರಾರು ಮನೆ ನಡೆಸುತ್ತಿದ್ದ ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ನಿಂತೇ ಹೋದವು. ಮೋಟಾರ್ ಸೈಕಲ್ ಮಾಡುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಉಳಿದ ಕಡೆ, ಹೊಸದಾಗಿ ಬಂದ ಕಡೆ, ಕಾಯಂ ಕೆಲಸದ ಜಾಗಕ್ಕೆ ಟ್ರೈನಿ, ಕಾಂಟ್ರಾಕ್ಟ್ ಕೆಲಸ ಬಂತು. ಹೂಟಗಳ್ಳಿಯಾಗಲಿ, ಕೂರ್ಗಳ್ಳಿಯಾಗಲಿ, ನಂಜನಗೂಡಾಗಲಿ, ಇದೇ ಕಥೆ. ಲೈನ್‌ನಲ್ಲಿ ಐಟಿಐ, ಡಿಪ್ಲೊಮಾ, ಬಿ.ಎಸ್ಸಿ. ಓದಿದವರು ಅಕ್ಕಪಕ್ಕದಲ್ಲೇ ನಿಂತು ಒಂದೇ ಕೆಲಸ ಮಾಡುವುದನ್ನು ಯಾರು ಬೇಕಾದರೂ ನೋಡಬಹುದು.

ಸಾಫ್ಟ್‌ವೇರ್ ವಿಷಯ ಬೇರೆ. ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ ದೊಡ್ಡದು, ನಿಜ. ಅಲ್ಲಿಗೆ ದೇಶದ ಮೂಲೆಮೂಲೆಯಿಂದ ಹೊಸಬರು ತರಬೇತಿಗೆ ಬರುತ್ತಾರೆ. ಮುಗಿಸಿ ಬೇರೆ ಬೇರೆ ಊರಿಗೆ ಹೋಗುತ್ತಾರೆ. ಬಸ್‌ ತುಂಬ ಟ್ಯಾಗ್ ಹಾಕಿಕೊಂಡವರನ್ನು ನೋಡಿ, ಇಲ್ಲೇ ಅಷ್ಟೂ ಕೆಲಸ ಇದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ದೊಡ್ಡ ಕೆಲಸಗಳು ಬೆಂಗಳೂರಿನಲ್ಲಿವೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಮಂಡ್ಯ, ಮದ್ದೂರಿನಿಂದ ಹತ್ತುವ ಪಾಸ್‌ದಾರರನ್ನು ಕೇಳಿ, ಹೇಳುತ್ತಾರೆ. ರೈಲು ಹತ್ತಲಾಗದವರು, ಅಂದರೆ ವಯಸ್ಸಾದ ಅಪ್ಪ ಅಮ್ಮನ ಜೊತೆ ಇರಬೇಕಾದವರು, ಬಾಡಿಗೆ ಕಟ್ಟಲಾಗದವರು, ಮದುವೆಯಾದ ಹೆಣ್ಣುಮಕ್ಕಳು, ಊರಲ್ಲಿ ಸಿಕ್ಕಿದ್ದಕ್ಕೇ ಸೇರುತ್ತಾರೆ. ಓದಿಗೂ ಕೆಲಸಕ್ಕೂ ಅಂತರ ಬೀಳಲು ಬುದ್ಧಿಗಿಂತ ದೂರವೇ ಎಷ್ಟೋ ಸಲ ಕಾರಣ.

ಹಾಗಾದರೆ ಡಿಗ್ರಿ ಮಾಡಿದ್ದೇ ದಂಡವಾ?

ಅಲ್ಲ. ಈ ಮಾತನ್ನು ಮಕ್ಕಳ ಮುಂದೆ ಹೇಳಬೇಡಿ ಅಂತ ಪೋಷಕರನ್ನು ಕೈಮುಗಿದು ಕೇಳುತ್ತೇನೆ.

ಡಿಗ್ರಿಯ ಬೆಲೆ ಎರಡು ಥರ. ಒಂದು, ಕಲಿತದ್ದು. ಇನ್ನೊಂದು, ಸಾಲಿನಲ್ಲಿ ಸಿಗುವ ಜಾಗ. 1970ರ ದಶಕದಲ್ಲಿ ಲೆಸ್ಟರ್ ಥರೋ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ಹೇಳಿದ್ದು ಇದನ್ನೇ. ಕೆಲಸಗಳು ಇಷ್ಟೇ ಇವೆ, ಜನ ಸಾಲಿನಲ್ಲಿ ನಿಂತಿದ್ದಾರೆ, ಓದು ಜಾಸ್ತಿ ಇದ್ದವರನ್ನು ಕಂಪನಿಗಳು ಮುಂದೆ ಕರೆಯುತ್ತವೆ. ಎಲ್ಲರೂ ಒಂದೊಂದು ಡಿಗ್ರಿ ಜಾಸ್ತಿ ಮಾಡಿದರೆ ಸಾಲಿನ ಉದ್ದ ಹಾಗೇ ಇರುತ್ತದೆ. ಹಿಂದೆ ಪಿಯುಸಿಗೆ ಸಿಗುತ್ತಿದ್ದ ಕೆಲಸಕ್ಕೆ ಈಗ ಡಿಗ್ರಿ ಕೇಳುತ್ತಾರೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಇನ್ನೊಂದು ಕಡೆಯಿಂದ ನೋಡಿದರು. ಹೊಸಬ ಎಂಥವನು ಅಂತ ಕಂಪನಿಗೆ ಗೊತ್ತಾಗುವುದಿಲ್ಲ, ಡಿಗ್ರಿ ಅವನ ಸಾಮರ್ಥ್ಯದ ಗುರುತಾಗಿ ನಿಲ್ಲುತ್ತದೆ ಅಂದರು. ಅವರಿಗೆ 2001ರಲ್ಲಿ ನೊಬೆಲ್ ಬಂತು.

ಇಲ್ಲಿ ಒಂದು ಇಕ್ಕಟ್ಟು ಇದೆ. ಡಿಗ್ರಿ ಮಾಡಿದರೆ ಕೆಲಸ ಗ್ಯಾರಂಟಿ ಇಲ್ಲ. ಮಾಡದಿದ್ದರೆ ಸಾಲಿನಲ್ಲಿ ಇನ್ನೂ ಹಿಂದೆ. ಹಾಗಾಗಿ ಒಬ್ಬ ಹುಡುಗ ಓದು ಬಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲ, ಅವನಿಗೇ ನಷ್ಟ. ಬದಲಾಗಬೇಕಿರುವುದು ಕೆಲಸಗಳ ಸಂಖ್ಯೆ, ಕೆಲಸಗಳ ಗುಣಮಟ್ಟ. ಅದು ಸರ್ಕಾರದ, ಕೈಗಾರಿಕೆಯ ಜವಾಬ್ದಾರಿ. ಇಪ್ಪತ್ತೆರಡು ವರ್ಷದ ಮಕ್ಕಳ ತಲೆ ಮೇಲೆ ಅದನ್ನು ಹೊರಿಸುವುದು ಅನ್ಯಾಯ.

ಸಂಬಳಕ್ಕೆ ಎಷ್ಟು ಪೆಟ್ಟು?

ಗ್ರೆಗ್ ಡಂಕನ್, ಸಾಲ್ ಹಾಫ್‌ಮನ್ ಅನ್ನುವ ಇಬ್ಬರು 1981ರಲ್ಲಿ ಅಮೆರಿಕದ ಕೆಲಸಗಾರರ ಲೆಕ್ಕ ಹಾಕಿದರು. ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಓದಿದ ವರ್ಷಗಳಿಗೂ ಸ್ವಲ್ಪ ಸಂಬಳ ಸಿಗುತ್ತದೆ, ಆದರೆ ಕೆಲಸಕ್ಕೆ ಬೇಕಾದ ವರ್ಷಗಳಿಗೆ ಸಿಗುವಷ್ಟು ಸಿಗುವುದಿಲ್ಲ ಅಂತ ಕಂಡರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಹೆಚ್ಚಾಗಿ ಹೀಗೇ ಬಂದಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಿಲ್ ಕೌಂಟರಿನ ಬಿ.ಕಾಂ. ಹುಡುಗಿ ಪಕ್ಕದ ಎಸ್ಸೆಸ್ಸೆಲ್ಸಿ ಹುಡುಗಿಗಿಂತ ಸ್ವಲ್ಪ ಜಾಸ್ತಿ ಪಡೆಯಬಹುದು. ಆಡಿಟರ್ ಆಫೀಸಿನಲ್ಲಿ ಕೂತ ತನ್ನ ಕ್ಲಾಸ್‌ಮೇಟ್‌ಗಿಂತ ಕಡಿಮೆಯೇ ಪಡೆಯುತ್ತಾಳೆ.

ಸಿಕ್ಕಿದ ಕೆಲಸಕ್ಕೆ ಸೇರಲಾ, ಒಳ್ಳೆಯದು ಸಿಗುವವರೆಗೆ ಕಾಯಲಾ?

ಜಾಸ್ತಿ ಬರುವ ಪ್ರಶ್ನೆ ಇದು. ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ.

ಮನೆಯಲ್ಲಿ ಸಾಲ ಇದ್ದರೆ, ಗಂಜಿಗೆ ತೊಂದರೆ ಇದ್ದರೆ, ಸೇರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಾಯುವ ಶಕ್ತಿ ಮನೆಗೆ ಸ್ವಲ್ಪ ಇದ್ದರೆ ಮಾತ್ರ ಯೋಚನೆ ಮಾಡಿ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ ಯುವಜನರ ಮೇಲೆ 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮೊದಲ ಕೆಲಸವೇ ಓದಿಗಿಂತ ಕೆಳಗಿನದಾದರೆ ಸರಿಯಾದ ಕೆಲಸಕ್ಕೆ ಹೋಗುವುದು ತಡವಾಗುತ್ತದೆ ಅಂತ ಕಂಡುಬಂತು. ಕೆಲಸದಲ್ಲಿದ್ದುಕೊಂಡೇ ಬೇರೆ ಹುಡುಕುತ್ತೇನೆ ಅಂತ ಸೇರಿದವರಿಗೆ ದಿನಪೂರ್ತಿ ನಿಂತು ಬಂದ ಮೇಲೆ ಹುಡುಕಲು ತ್ರಾಣ ಇರುವುದಿಲ್ಲ. ನಾನೂ ಇದನ್ನು ಕಂಡಿದ್ದೇನೆ. ಇನ್ನೊಂದು ಕಡೆ, ಕೆನಡಾದ ಪದವೀಧರರ ಮೇಲೆ 2012ರಲ್ಲಿ ಬಂದ ಅಧ್ಯಯನ ಸ್ವಲ್ಪ ಧೈರ್ಯ ಕೊಡುತ್ತದೆ. ಆರ್ಥಿಕತೆ ಕುಸಿದ ವರ್ಷದಲ್ಲಿ ಪಾಸಾದವರು ಕಡಿಮೆ ಸಂಬಳದಲ್ಲಿ ಶುರು ಮಾಡಿದರು, ಆದರೆ ಸುಮಾರು ಹತ್ತು ವರ್ಷದಲ್ಲಿ ಆ ಅಂತರ ಮುಚ್ಚಿಹೋಯಿತು. ಮುಚ್ಚಿದ್ದು ಬಹಳ ಮಟ್ಟಿಗೆ ಕಂಪನಿ ಬದಲಿಸಿದ್ದರಿಂದ.

ಹಾಗಾಗಿ ಕೆಲಸದ ಹೆಸರಿಗಿಂತ ಅಲ್ಲಿಂದ ಮೇಲೆ ಹೋಗುವ ದಾರಿ ಇದೆಯಾ ನೋಡಿ. ಬಿ.ಎಸ್ಸಿ. ಕೆಮಿಸ್ಟ್ರಿ ಓದಿದ ಹುಡುಗನೊಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್‌ಗೆ ಸೇರಿದ್ದ. ಅವನಿಗೆ ಒಂದೇ ಮಾತು ಹೇಳಿದ್ದೆ: ಪ್ಯಾಕಿಂಗ್‌ನಿಂದ ಕ್ವಾಲಿಟಿ ಲ್ಯಾಬಿಗೆ ಹಿಂದೆ ಯಾರಾದರೂ ಹೋಗಿದ್ದಾರಾ, ವಿಚಾರಿಸು. ಹೋಗಿದ್ದರು. ಆಮೇಲೆ ಅವನು ಶಿಫ್ಟ್ ಮುಗಿದ ಮೇಲೆ ಲ್ಯಾಬಿನವರ ಹತ್ತಿರ ನಿಂತು ಟೈಟ್ರೇಷನ್, ತೇವಾಂಶ ಪರೀಕ್ಷೆ ನೋಡಿಕೊಂಡ. ಜಾಗ ಖಾಲಿಯಾದಾಗ ಅವನನ್ನೇ ಕರೆದರು. ಅದೇ ಬ್ಯಾಚಿನ ಇನ್ನೊಬ್ಬ ಸ್ವಲ್ಪ ಜಾಸ್ತಿ ಸಂಬಳಕ್ಕೆ ಗೋಡೌನ್ ಸೇರಿದ. ಅಲ್ಲಿಂದ ಮೇಲೆ ಹೋಗುವ ಮೆಟ್ಟಿಲೇ ಇರಲಿಲ್ಲ.

ಇಂಟರ್‌ವ್ಯೂನಲ್ಲಿ ನೀವೂ ಕೇಳಬಹುದು: 'ಸರ್, ಈ ಕೆಲಸದಲ್ಲಿ ಎರಡು ವರ್ಷ ಇದ್ದವರು ಈಗ ಏನು ಮಾಡುತ್ತಿದ್ದಾರೆ?' ಉತ್ತರ ಕೊಡಲು ತಡವರಿಸಿದರೆ ನಿಮಗೆ ಬೇಕಾದ್ದು ಗೊತ್ತಾಯಿತು.

ಸರ್ಕಾರಿ ಕೆಲಸಕ್ಕೆ ವರ್ಷಗಟ್ಟಲೆ ಓದುವುದು ಸರಿಯಾ?

ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕು. ಬರೆಯುವವರಲ್ಲಿ ಡಿಗ್ರಿಯವರು, ಎಂ.ಎ., ಎಂ.ಎಸ್ಸಿ.ಯವರು ತುಂಬ. ಇದನ್ನು ಹುಚ್ಚು ಅನ್ನಲಾರೆ. ಖಾಸಗಿ ಕೆಲಸದಲ್ಲಿ ಭದ್ರತೆ ಇಲ್ಲದಾಗ, ತಿಂಗಳ ಸಂಬಳ, ರಜೆ, ಊರ ಹತ್ತಿರದ ಪೋಸ್ಟಿಂಗ್ ಕೊಡುವ ಕೆಲಸಕ್ಕೆ ಜನ ಹೋಗಿಯೇ ಹೋಗುತ್ತಾರೆ.

ನನ್ನ ಬೇಸರ ಬೇರೆ. ಅಧಿಸೂಚನೆ ತಡ, ಪರೀಕ್ಷೆ ಮುಂದೂಡಿಕೆ, ಆಮೇಲೆ ಕೋರ್ಟು. ಇದರ ನಡುವೆ ಮೈಸೂರಿನಲ್ಲಿ ಪಿಜಿ ರೂಮಿನ ಬಾಡಿಗೆ ಕಟ್ಟಿಕೊಂಡು, ಲೈಬ್ರರಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ ಮಕ್ಕಳ ಇಪ್ಪತ್ತರ ವಯಸ್ಸು ಕಳೆದುಹೋಗುತ್ತದೆ. ಓದುವುದಾದರೆ ಒಂದು ಗಡುವು ಹಾಕಿಕೊಳ್ಳಿ. ಆ ಗಡುವನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಓದುತ್ತಿರುವಾಗಲೇ ಅರ್ಧ ದಿನದ ಯಾವುದಾದರೂ ಕೆಲಸ ಕೈಯಲ್ಲಿರಲಿ, ಟ್ಯೂಷನ್ ಆದರೂ ಸರಿ.

ಡಿಗ್ರಿ ಮುಚ್ಚಿಟ್ಟು ಕಡಿಮೆ ಅರ್ಹತೆಯ ಹುದ್ದೆಗೆ ಅರ್ಜಿ ಹಾಕಬಹುದಾ?

ಬೇಡವೇ ಬೇಡ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಜವಾನರ ಹುದ್ದೆಗೆ ಪಿಯುಸಿ ಆಗಿರಬೇಕು, ಪದವೀಧರರಾಗಿರಬಾರದು ಅಂತ ಷರತ್ತು ಹಾಕಿತ್ತು. ಒಬ್ಬರು ಡಿಗ್ರಿ ಮುಚ್ಚಿಟ್ಟು ಆಯ್ಕೆಯಾದರು. ಗೊತ್ತಾದಾಗ ಬ್ಯಾಂಕ್ ಅವರನ್ನು ತೆಗೆಯಿತು. ಹೈಕೋರ್ಟ್ ಅವರ ಪರ ಇದ್ದರೂ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ನಿಂತಿತು. ಅರ್ಹತೆ ಎಷ್ಟಿರಬೇಕು ಅನ್ನುವುದು ಕೆಲಸ ಕೊಡುವವರಿಗೆ ಬಿಟ್ಟದ್ದು, ವಿಷಯ ಮುಚ್ಚಿಟ್ಟವರು ಹುದ್ದೆ ಕೇಳುವ ಹಾಗಿಲ್ಲ ಅಂತ ಹೇಳಿತು.

ಜಾಹೀರಾತಿನಲ್ಲಿ 'ಕನಿಷ್ಠ' ವಿದ್ಯಾರ್ಹತೆ ಅಂತ ಮಾತ್ರ ಇದ್ದರೆ, ಜಾಸ್ತಿ ಓದಿದವರೂ ಧಾರಾಳವಾಗಿ ಹಾಕಬಹುದು. ಮೇಲಿನ ಮಿತಿ ಬರೆದಿದ್ದಾರಾ ಅಂತ ಅಧಿಸೂಚನೆಯನ್ನು ಪೂರ್ತಿ ಓದಿ. ಯೂಟ್ಯೂಬ್ ವಿಡಿಯೋ ನೋಡಿ ಅರ್ಜಿ ತುಂಬಬೇಡಿ.

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಹೋದರೆ ಅದೂ ಇದೇ ಸಮಸ್ಯೆಯಾ?

ಲೆಕ್ಕದಲ್ಲಿ ಹೌದು, ಬದುಕಿನಲ್ಲಿ ಅಷ್ಟೇನಲ್ಲ. ವಿಷಯ ಬದಲಾದರೂ ಕೆಲಸದ ಮಟ್ಟ ಇಳಿಯದಿದ್ದರೆ ಸಂಬಳಕ್ಕೂ ಬೆಳವಣಿಗೆಗೂ ದೊಡ್ಡ ಪೆಟ್ಟಿಲ್ಲ. ಮಟ್ಟವೂ ಇಳಿದು ವಿಷಯವೂ ತಪ್ಪಿದಾಗಲೇ ಜಾಸ್ತಿ ನೋವು.

ಎಂ.ಎ. ಮಾಡಿ, ಕೆಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾಗಿ, ಅತಿಥಿ ಉಪನ್ಯಾಸಕನಾಗಿದ್ದೇನೆ. ನಾನು ಯಾವ ಲೆಕ್ಕಕ್ಕೆ ಬರುತ್ತೇನೆ?

ಅಂಕಿಯಲ್ಲಿ ನೀವು 'ಸರಿಯಾಗಿ ಹೊಂದಿದವರು'. ನಾಲ್ಕನೇ ಮಟ್ಟದ ಓದು, ನಾಲ್ಕನೇ ಮಟ್ಟದ ಕೆಲಸ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕುವುದು, ಕೌನ್ಸೆಲಿಂಗ್‌ಗೆ ಕಾಯುವುದು, ರಜೆಯ ತಿಂಗಳುಗಳಲ್ಲಿ ಕೈ ಖಾಲಿ, ಇದು ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ. ಮಾನಸಗಂಗೋತ್ರಿಯಲ್ಲಿ ಚಿನ್ನದ ಪದಕ ತೆಗೆದವರು ಈ ಸ್ಥಿತಿಯಲ್ಲಿದ್ದಾರೆ. ಓದಿಗೆ ತಕ್ಕ ಹುದ್ದೆ ಸಿಕ್ಕರೂ ಓದಿಗೆ ತಕ್ಕ ಭದ್ರತೆ ಸಿಗದಿರುವುದು ಇನ್ನೊಂದು ಥರದ ಅಂತರ. ಅದನ್ನೂ ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳಿಗೆ ಇದು ಬೇರೆ ಥರ ಇದೆಯಾ?

ಇದೆ. ಮದ್ದೂರು, ಮಂಡ್ಯ ಸುತ್ತಿನ ಗಾರ್ಮೆಂಟ್ಸ್‌ನಲ್ಲಿ ಪಿಯುಸಿ, ಡಿಗ್ರಿ ಮಾಡಿದ ಹೆಣ್ಣುಮಕ್ಕಳು ಹೊಲಿಗೆ ಮಷಿನ್ ಮುಂದೆ ಕೂತಿದ್ದಾರೆ. ಬೆಳಗ್ಗೆ ಊರ ಬಾಗಿಲಿಗೆ ವ್ಯಾನ್ ಬರುತ್ತದೆ, ಸಂಜೆ ಬಿಡುತ್ತದೆ. ಮನೆಯವರು ಒಪ್ಪುವುದು ಅದಕ್ಕೇ. ಅದೇ ಹುಡುಗಿಗೆ ಮೈಸೂರಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕರೆ 'ಕತ್ತಲಾಗುತ್ತದೆ, ಬೇಡ' ಅನ್ನುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಉಳಿಯಿತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಮುಂಚೆ ಸಂಬಳದ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು. ಈಗ ದೂರದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಪೋಷಕರು ದಯವಿಟ್ಟು ಇದನ್ನು ಯೋಚಿಸಿ. ಐದು ವರ್ಷ ಓದಿಸಿ, ಕೊನೆಯ ಒಂದು ಗಂಟೆಯ ಬಸ್ ಪ್ರಯಾಣಕ್ಕೆ ಬೇಡ ಅನ್ನಬೇಡಿ.

ಓದು ಕಡಿಮೆ ಇದ್ದು ದೊಡ್ಡ ಕೆಲಸ ಮಾಡುವವರೂ ಇದ್ದಾರಲ್ಲ?

ಇದ್ದಾರೆ. ಮಂಡ್ಯ ಕಡೆಯ ಯಾವುದಾದರೂ ಆಲೆಮನೆಗೆ ಹೋಗಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಸುಣ್ಣ ಎಷ್ಟು ಹಾಕಬೇಕು, ಮಡ್ಡಿ ಯಾವಾಗ ತೆಗೆಯಬೇಕು, ಪಾಕ ಯಾವ ಗಳಿಗೆಯಲ್ಲಿ ಇಳಿಸಬೇಕು ಅಂತ ಒಬ್ಬರು ನೋಡುತ್ತಿರುತ್ತಾರೆ. ಗುಳ್ಳೆ ಏಳುವ ರೀತಿ ನೋಡುತ್ತಾರೆ, ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಸ್ವಲ್ಪ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ಇಡೀ ದಿನದ ಕಬ್ಬಿನ ಬೆಲೆ ಆ ಒಬ್ಬರ ಕಣ್ಣಿನಲ್ಲಿ ಇರುತ್ತದೆ. ಅಂಥವರಲ್ಲಿ ಹಲವರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಕಾಗದದ ಲೆಕ್ಕದಲ್ಲಿ ಅವರಿಗೆ 'ಅರ್ಹತೆ ಸಾಲದು'.

ಇಂಥವರ ಕೈಕಸುಬನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಪೂರ್ವ ಕಲಿಕೆಯ ಮಾನ್ಯತೆ ಅಂತ ಅದರ ಹೆಸರು, ಆರ್‌ಪಿಎಲ್ ಅಂದರೆ ಬೇಗ ಗೊತ್ತಾಗುತ್ತದೆ. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್ ಅಣ್ಣಂದಿರು ನಿಮ್ಮ ಮನೆಯಲ್ಲಿದ್ದರೆ ತಿಳಿಸಿ. ಹೊರರಾಜ್ಯಕ್ಕೆ, ವಿದೇಶಕ್ಕೆ ಹೋಗುವವರಿಗೆ ಆ ಕಾಗದ ಬಹಳ ಕೆಲಸಕ್ಕೆ ಬರುತ್ತದೆ.

ಡಿಗ್ರಿ ಮಾಡಿ ಬೇಸಾಯಕ್ಕೆ ಬಂದಿದ್ದೇನೆ. ಊರವರು ಆಡಿಕೊಳ್ಳುತ್ತಾರೆ.

ಆಡಿಕೊಳ್ಳಲಿ ಬಿಡಿ. ಮಣ್ಣು ಪರೀಕ್ಷೆ ವರದಿ ಓದುವುದು, ಹನಿ ನೀರಾವರಿ ಲೆಕ್ಕ, ಬ್ಯಾಂಕಿನ ಕಾಗದ, ಮಾರುಕಟ್ಟೆ ದರ, ಇವೆಲ್ಲ ಓದಿನದೇ ಕೆಲಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳ ಹತ್ತಿರ ಹೋಗಿ ಸರಿಯಾದ ಪ್ರಶ್ನೆ ಕೇಳಲು ಬಂದರೆ ಅರ್ಧ ಗೆದ್ದ ಹಾಗೆ. ಇಷ್ಟಪಟ್ಟು ಬಂದವರಿಗೂ ಬೇರೆ ದಾರಿಯಿಲ್ಲದೆ ಬಂದವರಿಗೂ ಮಾತ್ರ ವ್ಯತ್ಯಾಸ ಇದೆ. ಅಂಕಿ ಇಬ್ಬರನ್ನೂ ಒಂದೇ ಪಟ್ಟಿಗೆ ಹಾಕುತ್ತದೆ.

ಕೆಲಸ ಸಿಗುತ್ತಿಲ್ಲ. ಇನ್ನೊಂದು ಡಿಗ್ರಿ ಮಾಡಲಾ?

ಸುಮ್ನೆ ಸಮಯ ತಳ್ಳುವುದಕ್ಕೆ ಎಂ.ಕಾಂ., ಎಂ.ಬಿ.ಎ. ಮಾಡಬೇಡಿ. ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಬಹುದು, ಆದರೆ ಎರಡು ವರ್ಷ ಮತ್ತು ಫೀಸು ಹೋಗುತ್ತದೆ. ಮೊದಲು ನಿಮ್ಮ ಅಂತರ ಯಾವ ಥರದ್ದು ಅಂತ ನೋಡಿಕೊಳ್ಳಿ. ಕೈಕೆಲಸದ ಕೊರತೆಯಾದರೆ ಮೈಸೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಸಿಎನ್‌ಸಿ ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಯಂತ್ರ, ಡಿಸೈನ್ ಥರದ ಕಲಿಕೆ ಇದೆ. ಕಾಮರ್ಸ್‌ನವರು ಜಿಎಸ್‌ಟಿ ರಿಟರ್ನ್, ಟ್ಯಾಲಿ ಕೈಗೆ ಹತ್ತಿಸಿಕೊಳ್ಳಿ. ಅದಕ್ಕೆ ಒಬ್ಬ ಒಳ್ಳೆಯ ಆಡಿಟರ್ ಆಫೀಸಿನಲ್ಲಿ ಕೆಲವು ತಿಂಗಳು ಕೂರುವುದಕ್ಕಿಂತ ದೊಡ್ಡ ಕೋರ್ಸಿಲ್ಲ. ಕೆಲಸದಲ್ಲಿದ್ದುಕೊಂಡೇ ಡಿಗ್ರಿ ಬೇಕಾದವರಿಗೆ ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಯಾವ ದೂರಶಿಕ್ಷಣಕ್ಕೇ ಸೇರಿ, ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ.

ತುಂಬ ಮಕ್ಕಳು ಮರೆಯುವುದು ಅಪ್ರೆಂಟಿಸ್‌ಶಿಪ್, ಅಂದರೆ ಸಂಸ್ಥೆಯಲ್ಲೇ ಕೆಲಸ ಮಾಡುತ್ತ ಕಲಿಯುವ ತರಬೇತಿ. ಅದು ಐಟಿಐನವರಿಗೆ ಮಾತ್ರ ಅಂದುಕೊಂಡಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆ ಈಗ ಪದವೀಧರರಿಗೂ ಅನ್ವಯಿಸುತ್ತದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಒಟ್ಟು ಸಂಖ್ಯೆಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಅಂತ ಇಟ್ಟಿತು. ದುಡ್ಡು ಕಡಿಮೆಯೇ. ಆದರೆ ಡಿಗ್ರಿಗೆ ಸಂಬಂಧಪಟ್ಟ ಕೆಲಸದಲ್ಲೇ ಒಂದು ವರ್ಷ ಇದ್ದ ಅನುಭವ ನಿಮ್ಮ ಹೆಸರಿಗೆ ಬರುತ್ತದೆ. ಮಾಲ್‌ನಲ್ಲಿ ಒಂದು ವರ್ಷ ನಿಂತದ್ದಕ್ಕಿಂತ ಮುಂದಿನ ಇಂಟರ್‌ವ್ಯೂನಲ್ಲಿ ಇದೇ ಜಾಸ್ತಿ ತೂಗುತ್ತದೆ.

ಯುವನಿಧಿ ಸಿಗುತ್ತದಾ? ಸಣ್ಣ ಕೆಲಸಕ್ಕೆ ಸೇರಿದರೆ ನಿಲ್ಲುತ್ತದಾ?

ಯುವನಿಧಿ ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ. 2022-23ರಲ್ಲಿ ಪಾಸಾದವರಿಂದ ಈ ಯೋಜನೆ ಶುರುವಾಯಿತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಡಿಗ್ರಿಯಾದರೆ ತಿಂಗಳಿಗೆ 3,000, ಡಿಪ್ಲೊಮಾ ಆದರೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾಸಿಂಧುವಿನಲ್ಲಿ. ಮುಂದಕ್ಕೆ ಓದುತ್ತಿದ್ದರೆ ಸಿಗುವುದಿಲ್ಲ. ಕೆಲಸ ಸಿಕ್ಕ ಮೇಲೆ ನಿಲ್ಲುತ್ತದೆ, ಕೆಲಸ ಓದಿಗೆ ತಕ್ಕದ್ದಾ ಅಂತ ಯಾರೂ ಕೇಳುವುದಿಲ್ಲ. ಇನ್ನೂ ಕೆಲಸ ಇಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡಬೇಕು. ಅದನ್ನು ಮರೆತು ಹಣ ನಿಂತ ಮಕ್ಕಳು ಬಹಳ. ಸುಳ್ಳು ಘೋಷಣೆ ಮಾತ್ರ ಕೊಡಬೇಡಿ.

ಕಂಪನಿಯವರು ನಾವು ಏನು ಬದಲಿಸಬಹುದು ಅಂತ ಕೇಳಿದರೆ?

ಹಾಗೆ ಕೇಳುವವರು ಕಡಿಮೆ, ಕೇಳಿದವರಿಗೆ ಹೇಳಿದ್ದೇನೆ. ಹತ್ತನೇ ಕ್ಲಾಸಿನ ಕೆಲಸಕ್ಕೆ 'ಯಾವುದಾದರೂ ಡಿಗ್ರಿ' ಅಂತ ಜಾಹೀರಾತು ಹಾಕಬೇಡಿ. ಅರ್ಜಿ ಕಡಿಮೆ ಮಾಡಲು ಹಾಕುವ ಆ ಒಂದು ಸಾಲು ಪಿಯುಸಿ ಹುಡುಗನನ್ನು ಹೊರಗಿಡುತ್ತದೆ, ಡಿಗ್ರಿ ಹುಡುಗನನ್ನು ಕೆಳಗೆ ಕೂರಿಸುತ್ತದೆ. ತೆಗೆದುಕೊಂಡ ಮೇಲೆ ಆರು ತಿಂಗಳಿಗೊಮ್ಮೆ ಅವರು ಏನು ಓದಿದ್ದಾರೆ ಅಂತ ನೋಡಿ, ಒಳಗಿನ ಜಾಗಕ್ಕೆ ಮೊದಲು ಅವರನ್ನೇ ಕರೆಯಿರಿ.

ಹೆಸರು ಎಲ್ಲಿ ನೋಂದಾಯಿಸಬೇಕು? ಏನೇನು ತೆಗೆದುಕೊಂಡು ಹೋಗಬೇಕು?

ಮೈಸೂರು, ಮಂಡ್ಯ ಎರಡು ಕಡೆಯೂ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇದೆ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಇದ್ದರೆ ಅದು, ಎಲ್ಲದರ ಜೆರಾಕ್ಸ್, ಫೋಟೋ ತೆಗೆದುಕೊಂಡು ಹೋಗಿ. ಉದ್ಯೋಗ ಮೇಳದ ದಿನಾಂಕ ಅಲ್ಲೇ ಗೊತ್ತಾಗುತ್ತದೆ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ಹಾಕಿ. ಅಪ್ರೆಂಟಿಸ್‌ಶಿಪ್‌ಗೆ ಪದವಿ, ಡಿಪ್ಲೊಮಾದವರು ಕೇಂದ್ರದ ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಈಗಾಗಲೇ ಬೇರೆ ಕೆಲಸದಲ್ಲಿದ್ದರೂ ನೋಂದಣಿ ಬಿಡಬೇಡಿ, ಯಾವ ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ. ಫೋನ್ ನಂಬರ್ ಬದಲಾದರೆ ಎಲ್ಲ ಕಡೆ ಬದಲಿಸಿ. ಕರೆ ಬಂದು ಹುಡುಗ ಸಿಗದೆ ತಪ್ಪಿಹೋದ ಕೆಲಸಗಳು ನಮ್ಮ ಕಾಲೇಜಿನಲ್ಲೇ ಎಷ್ಟೋ ಇವೆ.